ಹಾಲವ್ವನ ಪಾಳಿ

ಹಾಲವ್ವನ ಕೈ ಸುಟ್ಟದ್ದು ಹಾಲವ್ವನಿಗಿಂತ ಮೊದಲು ಮಗಳಿಗೆ ಗೊತ್ತಾಯಿತು. ಚಿಕ್ಕೇರೂರಿನ ಆ ಮನೆಯಲ್ಲಿ ಬೆಳಗಿನ ರೊಟ್ಟಿ ಬಡಿಯುವ ಹೊತ್ತು. ಮಗಳು ನೇತ್ರಾ ಹಾನಗಲ್ಲಿನ ಬಸ್ಸಿಗೆ ತಡವಾಯಿತೆಂದು ನಿಂತುಕೊಂಡೇ ಚಹಾ ಕುಡಿಯುತ್ತಿದ್ದಳು. ಅವ್ವ ಹೆಂಚಿನ ಮೇಲಿನ ಜೋಳದ ರೊಟ್ಟಿಯನ್ನು ಬರಿಗೈಯಿಂದ ತಿರುವಿ ಹಾಕಿದಳು. ಅದೇನೂ ಹೊಸದಲ್ಲ, ಈ ಕಡೆಯ ಹೆಂಗಸರೆಲ್ಲ ಹಾಗೇ ತಿರುವುವುದು. ಆದರೆ ತಿರುವಿದ ಕೈ ತಕ್ಷಣ ಹಿಂದಕ್ಕೆ ಬರಲಿಲ್ಲ. ಎರಡು ಬೆರಳು ಹೆಂಚಿನ ಅಂಚಿನ ಮೇಲೇ ಊರಿಕೊಂಡಿದ್ದವು, ಅವ್ವ ಮಾತ್ರ ತೊಟ್ಟಿಲಲ್ಲಿ ಅಳುತ್ತಿದ್ದ ಮೊಮ್ಮಗನನ್ನು ರಮಿಸುತ್ತ ಆ ಕಡೆ ಮುಖ ಮಾಡಿ ಕುಳಿತಿದ್ದಳು. ಚರ್ಮ ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೆ ತಿರುಗಿ ನೋಡಿ, ಯಾರದೋ ಕೈಯನ್ನು ಎತ್ತಿಕೊಂಡಂತೆ ಎತ್ತಿಕೊಂಡಳು. ನೇತ್ರಾ ಲೋಟ ಬಿಟ್ಟು ಓಡಿಬಂದು ನೋಡಿದರೆ ಬೆರಳ ತುದಿ ಬೆಳ್ಳಗೆ ಬೊಬ್ಬೆ ಎದ್ದಿತ್ತು. ಅವ್ವ ಕೈ ಕಿತ್ತುಕೊಂಡು, ಏನೂ ಆಗಿಲ್ಲ, ನೀನು ಬಸ್ಸು ತಪ್ಪಿಸಿಕೊಳ್ಳಬೇಡ ಎಂದಳು.

ನೇತ್ರಾ ಬಸ್ಸು ಹತ್ತಿದಳು. ಸೀಟು ಸಿಕ್ಕರೂ ಕೂಡಲು ಆಗಲಿಲ್ಲ, ಹಾನಗಲ್ಲಿನವರೆಗೂ ಕಂಬ ಹಿಡಿದು ನಿಂತೇ ಇದ್ದಳು. ಬೊಬ್ಬೆ ಎದ್ದದ್ದಕ್ಕಲ್ಲ ಈ ತಳಮಳ. ಅವಳು ಮಾಡುತ್ತಿದ್ದ ಕೆಲಸವೇ ಹೆಂಗಸರ ಬೆರಳಿನ ನರ ಪರೀಕ್ಷೆ ಮಾಡುವುದು. ಆ ಪರೀಕ್ಷೆಯಲ್ಲಿ ತಾಲೂಕಿಗೇ ಚುರುಕಾದ ಕೈ ಎಂದು ಹೆಸರು ಮಾಡಿದವಳು ಬೇರೆ ಯಾರೂ ಅಲ್ಲ, ಇದೇ ಹಾಲವ್ವ.

ಹಿರೇಕೆರೂರಿನ ಕಡೆ ಈಗ ಎಲ್ಲಿ ನೋಡಿದರೂ ನೆಟ್‌ಹೌಸ್. ಹಸಿರು ಬಲೆಯ ಕೆಳಗೆ ಬೀಜದ ಕಂಪನಿಗಾಗಿ ಮೆಣಸಿನ ಗಿಡ ಬೆಳೆಯುತ್ತಾರೆ. ಹೆಂಗಸರು ಸಾಲಿನಲ್ಲಿ ಕುಳಿತು, ಚಿಮಟದಿಂದ ಎಳೆ ಮೊಗ್ಗು ಬಿಡಿಸಿ, ಒಳಗಿನ ಗಂಡು ಭಾಗ ಕಿತ್ತು ತೆಗೆದು, ಬೇರೆ ತಳಿಯ ಹೂವಿನ ಪುಡಿ ಮುಟ್ಟಿಸುತ್ತಾರೆ. ಕ್ರಾಸಿಂಗ್ ಎನ್ನುವ ಈ ಕೆಲಸಕ್ಕೆ ಬೆರಳೇ ಬಂಡವಾಳ. ಮೊದಲೆಲ್ಲ ಬಲೆಯೊಳಗೆ ಸೆಕೆ ಇರುತ್ತಿತ್ತು, ಅಷ್ಟೇ. ಈಗೀಗ ಶಿವರಾತ್ರಿ ಬರುವ ಮೊದಲೇ ಅಲ್ಲಿ ಮಧ್ಯಾಹ್ನ ನಿಂತರೆ ತಲೆ ಗಿರ್ರೆನ್ನುತ್ತದೆ, ಜೊತೆಗೆ ಹೊಡೆದ ಔಷಧದ ಘಾಟಿಗೆ ಹೊರಗೆ ಹೋಗಲು ದಾರಿಯಿಲ್ಲ. ಏರುತ್ತಿರುವ ಈ ಬಿಸಿಯಲ್ಲಿ, ಈ ಘಾಟಿನಲ್ಲಿ ಬೆರಳಿನ ನರ ಏನಾಗುತ್ತವೆ ಎಂದು ತಿಳಿಯಲು ಸವಣೂರಿನ ಮೃಣಾಲಿನಿ ಮೇಡಂ ಹಾನಗಲ್ಲಿನಲ್ಲಿ ಬಾಡಿಗೆ ಮನೆ ಹಿಡಿದು ಎರಡು ವರ್ಷದಿಂದ ಅಧ್ಯಯನ ನಡೆಸಿದ್ದರು. ಉತ್ತರ ಸಿಗುವವರೆಗೆ ಸುಡು ಮಧ್ಯಾಹ್ನ ನೆಟ್‌ಹೌಸ್ ಮುಚ್ಚಬೇಕು, ಕೂಲಿ ಮುರಿಯಬಾರದು ಎಂದು ಹಟ ಹಿಡಿದು ಕಂಪನಿಯನ್ನು ಒಪ್ಪಿಸಿದ್ದರು. ಹಾಲವ್ವನಂಥವರು ಮಧ್ಯಾಹ್ನ ಮನೆಗೆ ಬಂದು ಕಾಲು ಚಾಚುವಂತಾದದ್ದು ಆ ಹಟದ ಪುಣ್ಯದಿಂದ.

ಹೋದ ತಿಂಗಳು ಉತ್ತರ ಬಂತು. ಏನೂ ಆಗುವುದಿಲ್ಲ ಎಂಬುದೇ ಆ ಉತ್ತರ. ಅಷ್ಟೇ ಅಲ್ಲ, ವರ್ಷಾನುಗಟ್ಟಲೆ ಬಲೆಯೊಳಗೆ ಬೆಂದವರ ಬೆರಳು ಕಾಲೇಜು ಹುಡುಗಿಯರ ಬೆರಳಿನಷ್ಟೇ ಚುರುಕಂತೆ. ಮೃಣಾಲಿನಿ ಮೇಡಂ ಮೊದಲು ನಂಬಲಿಲ್ಲ, ಆಮೇಲೆ ನಂಬಿದರು, ಆಮೇಲೆ ಅದರ ಮೋಹದಲ್ಲೇ ಬಿದ್ದರು. ಬದಲಾಗುವ ಹವೆಗೆ ಈ ಭಾಗದ ಹೆಂಗಸರ ನರ ಹೊಂದಿಕೊಂಡಿವೆ ಎಂದು ಒಂದು ಸಿದ್ಧಾಂತವೇ ಹುಟ್ಟಿತು. ದೆಹಲಿಯಿಂದ ಭಾಷಣಕ್ಕೆ ಕರೆ ಬಂತು. ಕಂಪನಿಯವರಿಗಂತೂ ವಿಜ್ಞಾನದ ಮೇಲೆ ಅಂಥ ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ. ಸೋಮವಾರ ಶಿಗ್ಗಾವಿಯಲ್ಲಿ ಸಭೆ. ಅಲ್ಲಿ ಮೇಡಂ ಫಲಿತಾಂಶ ಹೇಳುವುದು, ಮಂಗಳವಾರದಿಂದ ನೆಟ್‌ಹೌಸಿನ ಬಾಗಿಲು ಮಧ್ಯಾಹ್ನವೂ ತೆರೆಯುವುದು ಎಂದು ಮಾತಾಗಿತ್ತು. ಅವ್ವನ ಬೆರಳು ಸುಟ್ಟ ಆ ದಿನ ಶುಕ್ರವಾರ.

ಹಾನಗಲ್ಲಿನ ಆಫೀಸಿನಲ್ಲಿ ರಿಯಾಜ ಯಂತ್ರ ಒರೆಸುತ್ತ ಕುಳಿತಿದ್ದ. ಅವನೂ ನೇತ್ರಾಳಂತೆ ಊರೂರು ತಿರುಗಿ ಪರೀಕ್ಷೆ ಮಾಡುವವನೇ. ಸವಣೂರಿನಲ್ಲಿ ಕುರುಕಲು ಖಾರ ಮಾಡಿ ಮಾರುವ ಮನೆಯವನು, ಖಾರದ ಪೊಟ್ಟಣ ಇಲ್ಲದೆ ಆಫೀಸಿಗೆ ಬಂದ ದಿನವಿಲ್ಲ. ಯಾರೂ ತಮ್ಮ ಸ್ವಂತ ಊರಿನಲ್ಲಿ ಪರೀಕ್ಷೆ ಮಾಡಬಾರದು ಎಂಬುದು ಮೇಡಂ ಹಾಕಿದ ನಿಯಮ. ಬೇಕಾದವರಿಗೆ ಒಳಗೊಳಗೇ ನಂಬರು ಹಾಕಿಕೊಟ್ಟಾರೆಂಬ ಭಯ. ಹಾಗಾಗಿ ನೇತ್ರಾಳನ್ನು ರಟ್ಟೀಹಳ್ಳಿಯ ಕಡೆಗೂ ರಿಯಾಜನನ್ನು ಚಿಕ್ಕೇರೂರಿಗೂ ಕಳಿಸಿದ್ದರು. ಪರೀಕ್ಷೆ ಸರಳ. ಮಣಿಕಟ್ಟಿಗೆ ಪಟ್ಟಿ ಕಟ್ಟಿ, ಕುಳಿತವರಿಗೆ ತಮ್ಮ ಕೈ ಕಾಣದಂತೆ ಪರದೆ ಹಿಡಿದು, ತೀರ ಸಣ್ಣ ಕರೆಂಟು ಬಿಟ್ಟು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋಗುವುದು. ಬೆರಳು ಜುಮ್ಮೆಂದ ಕೂಡಲೇ ಅವರು ಹೂಂ ಎನ್ನಬೇಕು. ನರ ಮಂದವಾದಷ್ಟೂ ಆ ಹೂಂ ತಡವಾಗುತ್ತದೆ.

ನಮ್ಮ ಅವ್ವ ನಿನಗೆ ನೆನಪಿದ್ದಾಳೇನು ಎಂದು ನೇತ್ರಾ ಕೇಳಿದಳು. ಹಾಲವ್ವನ ಹೆಸರು ಮರೆಯಲು ಮೇಡಂ ಬಿಟ್ಟರೆ ತಾನೇ ಎಂದು ರಿಯಾಜ ನಕ್ಕ. ಮುಖ ಹೇಗಿತ್ತು ಎಂದರೆ ಮುಖ ಅವನು ನೋಡಿಯೇ ಇಲ್ಲ. ಪರರ ಮನೆಯ ಹೆಂಗಸರನ್ನು ದಿಟ್ಟಿಸಬಾರದೆಂದು ಅವನ ತಾಯಿ ಮರಿಯಮಬಿ ಚಿಕ್ಕಂದಿನಲ್ಲೇ ಕಿವಿ ಹಿಂಡಿ ಕಲಿಸಿದ್ದಳು. ಅವನು ಪಟ್ಟಿ ಕಟ್ಟಿದ ಕೈಯನ್ನಷ್ಟೇ ನೋಡುವವನು. ಆದರೆ ಒಂದು ಮಾತು ಅವನ ತಲೆಯಲ್ಲಿ ಉಳಿದಿತ್ತು.

“ಭಾಳ ಹೆದರಿದ್ರು ನಿಮ್ಮ ಅವ್ವಾರು. ಈ ಕರೆಂಟಿಂದ ಎದಿಹಾಲು ಕೆಡೂದಿಲ್ಲಲ್ರಿ, ಕೂಸು ಕುಡೀತೈತಿ ಅಂತ ಎರಡೆರಡು ಸಲ ಕೇಳಿದ್ರು.”

ನೇತ್ರಾ ಹೆಗಲ ಚೀಲವನ್ನು ಮತ್ತೆ ಏರಿಸಿಕೊಂಡಳು. ಮೊಮ್ಮಗನನ್ನು ಎತ್ತಿ ಆಡಿಸುವ ವಯಸ್ಸಿನ ಹೆಂಗಸು ಎದೆಹಾಲಿನ ಚಿಂತೆ ಯಾಕೆ ಮಾಡುತ್ತಾಳೆ ಎಂಬುದು ಆ ಪುಣ್ಯಾತ್ಮನಿಗೆ ಹೊಳೆದೇ ಇರಲಿಲ್ಲ. ಅವರ ಮನೆಯಲ್ಲಿ ಹಾಲು ಕುಡಿಯುವ ಕೂಸು ಒಂದೇ, ಅದು ಅವಳ ಅಣ್ಣ ಲೋಹಿತನ ಮಗ. ಹಾಗಾದರೆ ತಾಲೂಕಿಗೇ ಚುರುಕಾದ ಆ ಕೈ ಅತ್ತಿಗೆ ಶ್ವೇತಾಳದು. ನೇತ್ರಾ ರಿಯಾಜನಿಗೆ ತಲೆನೋವೆಂದು ನೆವ ಹೇಳಿ ಬಂದ ದಾರಿಯಲ್ಲೇ ಬಸ್ಸು ಹತ್ತಿದಳು.

ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೂ ಒಂದಿಷ್ಟೂ ಅಳುಕಲಿಲ್ಲ. ಅವರಿಗೆ ಅಳುಕುವಂಥದ್ದೇನೂ ಕಂಡಿರಲಿಲ್ಲ. ಆ ಊರಲ್ಲಿ ಮುಯ್ಯಾಳು ಎಂಬುದು ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಇಂದು ನೀವು ನಮ್ಮ ಹೊಲದ ಕಳೆಗೆ ಬಂದರೆ ನಾಳೆ ನಾವು ನಿಮ್ಮ ಹೊಲಕ್ಕೆ ಬರುತ್ತೇವೆ, ಕೂಲಿಯ ಮಾತಿಲ್ಲ. ಬರಬೇಕಾದವಳಿಗೆ ಅಡಚಣೆಯಾದರೆ ಅದೇ ಮನೆಯಿಂದ ಇನ್ನೊಬ್ಬಳು ಬರುತ್ತಾಳೆ. ಪಾಳಿ ಮನೆಯದು, ಒಬ್ಬರದಲ್ಲ. ಪಾಳಿ ಖಾಲಿ ಬಿಟ್ಟರೆ ಮಾತ್ರ ಓಣಿಯಲ್ಲಿ ತಲೆ ಎತ್ತುವಂತಿಲ್ಲ. ಪರೀಕ್ಷೆಯ ದಿನ ನೆಟ್‌ಹೌಸಿನಲ್ಲಿ ಮೊಗ್ಗು ತುಂಬಿ ನಿಂತಿದ್ದವು, ಕೆಲಸ ಬಿಟ್ಟು ಬರುವಂತಿರಲಿಲ್ಲ. ಹಾಲವ್ವ ಎಂದು ಹೆಸರು ಕೂಗಿದಾಗ ಆ ಪಾಳಿಗೆ ಶ್ವೇತಾ ಎದ್ದು ಹೋದಳು.

“ನಿಮ್ಮ ಮ್ಯಾಡಮ್ಮರ ಕೆಲಸ ನಿಲ್ಲಬಾರದು ಅಂತ ಕೂಸಿನ್ನ ಬಿಟ್ಟು ಹೋಗ್ಯಾಳ ಆಕಿ,” ಎಂದಳು ಹಾಲವ್ವ. “ಶಾಬಾಸ್ ಅನ್ನೂದು ಬಿಟ್ಟು ಕಣ್ಣು ಕೆಂಪು ಮಾಡ್ತಿಯಲ್ಲ.”

ನೇತ್ರಾ ಚಪ್ಪಲಿ ಮೆಟ್ಟಿ ಓಣಿ ತಿರುಗಿದಳು. ಹೋದ ಮನೆಯಲ್ಲೆಲ್ಲ ಅದೇ ಕತೆ, ಅದೇ ಹೆಮ್ಮೆ. ಬಾನುಬಿ ಅಜ್ಜಿಯ ಪಾಳಿಗೆ ರಜೆಗೆ ಬಂದ ಮೊಮ್ಮಗಳು ಹೋಗಿದ್ದಳು. ಪಕ್ಕದ ಮನೆಯವರು ಮದುವೆ ಗೊತ್ತಾದ ಮಗಳಿಗೆ ಹೊಸ ಸೀರೆ ಉಡಿಸಿ ಕಳಿಸಿದ್ದರು. ದುಡಿಯುವ ಕೈಗಳೆಲ್ಲ ಬಲೆಯೊಳಗೆ ದುಡಿಯುತ್ತಿದ್ದಾಗ ಮನೆಯಲ್ಲಿ ಉಳಿದ ಎಳೆಗೈಗಳೆಲ್ಲ ಪರೀಕ್ಷೆ ಕೊಟ್ಟು ಬಂದಿದ್ದವು. ಬದಲಾಗುವ ಹವೆಗೆ ಹೊಂದಿಕೊಂಡಿವೆ ಎಂದು ದೆಹಲಿಯವರೆಗೆ ಹೆಸರಾದ ಆ ನರಗಳು ನೆಟ್‌ಹೌಸಿನ ಬಾಗಿಲನ್ನೂ ಕಂಡಿರಲಿಲ್ಲ. ರಟ್ಟೀಹಳ್ಳಿಯ ಕಡೆ ತಾನು ಪಟ್ಟಿ ಕಟ್ಟಿದ ಕೈಗಳು ಯಾರ ಯಾರ ಪಾಳಿಯವೋ ಎಂದು ನೆನೆದಾಗ ನೇತ್ರಾಳಿಗೆ ನಗು ಬಂತು. ಆ ನಗು ಮನೆಯ ಬಾಗಿಲವರೆಗೂ ಉಳಿಯಲಿಲ್ಲ.

ಮನೆಗೆ ಬಂದು ಅವ್ವನ ಎದುರು ಕುಳಿತು, ಕೈ ಯಾವಾಗಿನಿಂದ ಹೀಗಾಗಿದೆ ಎಂದು ಕೇಳಿದಳು. ಹಾಲವ್ವ ಮೊದಲು ಮಾತು ಹಾರಿಸಿದಳು. ಶ್ವೇತಾ ಕೂಸನ್ನು ಮಲಗಿಸಲು ಒಳಗೆ ಹೋದ ಮೇಲೆ ದನಿ ತಗ್ಗಿಸಿದಳು.

“ಭಾಳ ದಿನ ಆತು. ಮೊದ್ಲ ಜೋಮು ಹಿಡಿತಿತ್ತು, ಈಗ ಅದೂ ಇಲ್ಲ. ಚಿಮಟ ಕೈಯಾಗ ಐತೋ ಬಿದ್ದೈತೋ ನೋಡೇ ತಿಳೀಬೇಕು. ಕಣ್ಣಿಂದ ಕೆಲಸ ಮಾಡಾಕತ್ತೇನಿ. ನೀ ಬಾಯಿ ಬಿಟ್ಟಿ ಅಂದ್ರ ಶಂಕ್ರಪ್ಪ ನನ್ನ ಒಳಗ ಕಾಲು ಇಡಗೊಡೂದಿಲ್ಲ.”

ಅದು ಸುಳ್ಳಲ್ಲ. ಶಂಕ್ರಪ್ಪ ಅದೇ ಊರಿನ ನೆಟ್‌ಹೌಸುಗಳ ಮಾಲೀಕ, ಕಂಪನಿಗೆ ಬೀಜ ಮಾಡಿಕೊಡುವವನು. ಕೆಟ್ಟ ಮನುಷ್ಯನಲ್ಲ, ಆದರೆ ಮೊಗ್ಗು ಹಾಳು ಮಾಡುವ ಕೈಯನ್ನು ಇಟ್ಟುಕೊಳ್ಳುವಷ್ಟು ಒಳ್ಳೆಯವನೂ ಅಲ್ಲ. ನೇತ್ರಾ ಹೇಳಿದರೆ ಅವ್ವನ ಕೆಲಸ ಹೋಗುತ್ತದೆ. ಹೇಳದಿದ್ದರೆ ಮಂಗಳವಾರದಿಂದ ಅವ್ವ ಸುಡು ಮಧ್ಯಾಹ್ನವೂ ಆ ಬಲೆಯೊಳಗೇ, ಉಳಿದ ಬೆರಳುಗಳೂ ಹೋಗುವ ತನಕ. ಶನಿವಾರ ಇಡೀ ದಿನ ಅವಳು ಒಂದು ಕಡೆ ನಿಲ್ಲಲಿಲ್ಲ. ಹಿತ್ತಲಿಗೆ ಹೋದಳು, ಅಂಗಳಕ್ಕೆ ಬಂದಳು, ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆದಳು. ಮೇಡಂಗೆ ಫೋನು ಹಚ್ಚಿ, ಆ ಕಡೆ ರಿಂಗಾಗುವ ಮೊದಲೇ ಕಟ್ ಮಾಡಿದಳು. ನೀನು ಹೀಗೆ ಸುತ್ತಿದರೆ ನನಗೇ ತಲೆ ತಿರುಗುತ್ತದೆ ಎಂದು ಶ್ವೇತಾ ಬೈದಳು.

ಸಂಜೆ ಶಂಕ್ರಪ್ಪ ತಾನೇ ಮನೆಗೆ ಬಂದ. ಕಟ್ಟೆಯ ಮೇಲೆ ಕುಳಿತು ನೀರು ಕುಡಿದು, ಕಂಪನಿಯಿಂದ ಬಂದ ಸಿಹಿಸುದ್ದಿ ಬಿಚ್ಚಿದ. ಈ ಭಾಗದ ಮಂದಿಗೆ ಬಿಸಿಲು ಏನೂ ಮಾಡುವುದಿಲ್ಲ ಎಂದು ಸಾಬೀತಾಗಿದೆಯಂತೆ. ಬೇರೆ ಜಿಲ್ಲೆಗಳಲ್ಲಿ ಹಾಕಬೇಕಿದ್ದ ನೆಟ್‌ಹೌಸುಗಳನ್ನೂ ಕಂಪನಿ ಇಲ್ಲೇ ಹಾಕುತ್ತದಂತೆ. ಇನ್ನು ಮಧ್ಯಾಹ್ನವೂ ಕೆಲಸ, ಎಷ್ಟು ಕೈ ಇದ್ದರೂ ಸಾಲವು. ಹೇಳುತ್ತ ಹೇಳುತ್ತ ಬಾಗಿಲಲ್ಲಿ ನಿಂತಿದ್ದ ಶ್ವೇತಾಳ ಕಡೆ ತಿರುಗಿದ.

“ನೀನೂ ಬಾ ತಂಗಿ. ಹಾಲವ್ವನ ಮನಿ ಕೈ ಅಂದ್ರ ನಾ ಎರಡನೇ ಮಾತು ಆಡೂದಿಲ್ಲ. ಕೂಸಿನ್ನ ಅಲ್ಲೇ ಬಲಿ ನೆರಳಾಗ ಜೋಳಿಗಿ ಕಟ್ಟಿ ಮಲಗಿಸಿದ್ರಾತು.”

ಶ್ವೇತಾಳ ಮುಖ ಅರಳಿತು. ಮದುವೆಯಾಗಿ ಬಂದಾಗಿನಿಂದ ಒಲೆ, ತೊಟ್ಟಿಲು ಬಿಟ್ಟರೆ ಬೇರೆ ಕಂಡವಳಲ್ಲ. ನಾಲ್ಕು ಮಂದಿಯ ನಡುವೆ ಕುಳಿತು ದುಡಿಯುವ ಆಸೆ ಅವಳಿಗೂ ಇತ್ತು. ಮಂಗಳವಾರದಿಂದಲೇ ಬರುತ್ತೇನೆಂದು ಅತ್ತೆಯ ಒಪ್ಪಿಗೆಗೂ ಕಾಯದೆ ಹೇಳಿಬಿಟ್ಟಳು. ಹಾಲವ್ವ ಶಂಕ್ರಪ್ಪ ಹೋದ ಮೇಲೂ ಬಹಳ ಹೊತ್ತು ಕಟ್ಟೆಯ ಮೇಲೇ ಕುಳಿತಿದ್ದು, ಆಮೇಲೆ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದ ನೇತ್ರಾಳ ಹತ್ತಿರ ಬಂದಳು.

“ಆಕಿ ನನ್ನ ಪಾಳಿಗೆ ಹೋದ್ಲು, ಖರೆ. ಅದಕ್ಕ ನಾ ಆಕಿಗೆ ಈ ಕೈ ಕೊಡೂದೇನು?” ಎಂದಳು. ನೇತ್ರಾಳ ಕೈಯಿಂದ ಬಟ್ಟೆ ಇಸಿದುಕೊಂಡು ಮತ್ತೆ ಹೇಳಿದಳು, “ನಿಮ್ಮ ಮ್ಯಾಡಮ್ಮಗ ಹೇಳು. ನನ್ನ ಕೈ ನಾನ ತರ್ತೇನಿ ಅಂತ ಹೇಳು.”

ಕೆಲಸ ಹೋಗುತ್ತದೆ ಎಂದು ನೇತ್ರಾ ನೆನಪಿಸಿದಳು. ಗೊತ್ತಿದೆ ಎನ್ನುವಂತೆ ಅವ್ವ ಕೈ ಬೀಸಿದಳು. ನೇತ್ರಾಳಿಗೆ ಅವ್ವನ ಮೇಲೆ ಅಷ್ಟು ಪ್ರೀತಿ ಬಂತು, ಅಷ್ಟೇ ಸಿಟ್ಟೂ ಬಂತು. ಇಷ್ಟು ದಿನ ಒಂದು ಮಾತು ತನಗೆ ಹೇಳಬಾರದಿತ್ತೇ ಎಂದು ಆ ಸಿಟ್ಟು.

ಭಾನುವಾರ ಅವಳು ಸವಣೂರಿಗೆ ಹೋದಳು. ಮಠದ ಹತ್ತಿರದ ಹಳೆಯ ಮನೆ. ಮೇಡಂ ತಾಯಿ ಯಮುನಾಬಾಯಿ ಬಾಗಿಲು ತೆಗೆದು, ಕುಡಿಯಲು ಪಾನಕ ಕೊಟ್ಟು ಕೂರಿಸಿದರು. ಮೃಣಾಲಿನಿ ಮೇಡಂ ಮರುದಿನದ ಭಾಷಣ ಓದಿಕೊಳ್ಳುತ್ತಿದ್ದರು, ನೇತ್ರಾಳನ್ನು ಕಂಡು ನಗುತ್ತ ಎದ್ದರು. ನೇತ್ರಾ ನಿಂತಲ್ಲೇ ಎಲ್ಲ ಹೇಳಿ ಮುಗಿಸಿದಳು. ಮೆತ್ತಗೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು, ಒಂದೂ ಬಾಯಿಗೆ ಬರಲಿಲ್ಲ. ಕೇಳುತ್ತ ಕೇಳುತ್ತ ಮೇಡಂ ಮುಖ ಇಳಿಯಿತು. ನಡುಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ನಡುಮನೆಗೆ ತಿರುಗತೊಡಗಿದರು. ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ನೇತ್ರಾಳ ಮೇಲೆ ಒಮ್ಮೆ ಹರಿಹಾಯ್ದರು, ಮುಖವನ್ನೂ ನೋಡದೆ ಪಟ್ಟಿ ಕಟ್ಟಿದ ರಿಯಾಜನಿಗೆ ಒಮ್ಮೆ ಬೈದರು. ಯಾರಿಗೆ ಬೈದರೂ ಸಮಾಧಾನವಾಗದೆ ಕಡೆಗೆ ಕಿಟಕಿಯ ಹತ್ತಿರ ನಿಂತರು.

“ನೀ ಹೇಳೂದು ಸುಳ್ಳಾಗಿದ್ರ ಎಷ್ಟು ಛಲೋ ಇತ್ತು ಅಂತ ಅನಸ್ಲಿಕ್ಕೆ ಹತ್ತೇದ ನೋಡು ನನಗ,” ಎಂದರು. “ಎಂಥಾ ಮಂದಿ ಆಗ್ತೇವಿ ನಾವು.”

ಅಷ್ಟು ಓದಿದವರು ತನ್ನೆದುರು ಹಾಗೆ ಹೇಳಿದ್ದು ಕೇಳಿ ನೇತ್ರಾ ತಲೆ ತಗ್ಗಿಸಿದಳು. ಮೇಡಂ ತಪ್ಪು ಒಪ್ಪಿಕೊಳ್ಳಲು ಹಿಂಜರಿಯಲಿಲ್ಲ. ಅವರ ಹೆದರಿಕೆ ಬೇರೆ. ಫಲಿತಾಂಶ ತಪ್ಪು ಎಂದು ತಾನು ಹೇಳಿದರೆ, ಹಾಗಾದರೆ ಇನ್ನೊಮ್ಮೆ ಪರೀಕ್ಷೆ ಮಾಡಿ, ಅಲ್ಲಿಯವರೆಗೆ ಬಾಗಿಲು ತೆರೆದಿರಲಿ ಎಂದು ಕಂಪನಿಯವರು ಹೇಳುತ್ತಾರೆ. ಬರಿಯ ಮಾತನ್ನು ಯಾರು ನಂಬುತ್ತಾರೆ ಎಂದು ಕೇಳಿದರು. ಅವ್ವ ಬರುತ್ತಾಳೆ ಎಂದಳು ನೇತ್ರಾ.

ಸೋಮವಾರ ಶಿಗ್ಗಾವಿಯ ಆ ಸಭಾಭವನದಲ್ಲಿ ಫ್ಯಾನು ತಿರುಗುತ್ತಿದ್ದರೂ ಗಾಳಿ ಇರಲಿಲ್ಲ. ಮುಂದಿನ ಸಾಲಿನಲ್ಲಿ ಕಂಪನಿಯ ಸಾಹೇಬರು, ಅವರ ಪಕ್ಕದಲ್ಲಿ ಇಸ್ತ್ರಿ ಅಂಗಿ ತೊಟ್ಟ ಶಂಕ್ರಪ್ಪ, ಹಿಂದೆ ಊರೂರುಗಳಿಂದ ಬಂದ ರೈತರು, ಹೆಂಗಸರು. ನೇತ್ರಾ ಅವ್ವನನ್ನು ಬಾಗಿಲ ಹತ್ತಿರ ಕೂರಿಸಿ, ತಾನು ಕೂಡಲಾರದೆ ಗೋಡೆಗೆ ಒರಗಿ ನಿಂತಿದ್ದಳು. ಮೃಣಾಲಿನಿ ಮೇಡಂ ಎದ್ದು, ತಾನು ಹೇಳಬೇಕೆಂದಿದ್ದ ಫಲಿತಾಂಶ ತಪ್ಪಾಗಿದೆ, ದುಡಿಯುವವರ ಹೆಸರು ಬರೆದು ದುಡಿಯದವರ ಕೈ ಪರೀಕ್ಷೆ ಮಾಡಿದ್ದೇವೆ, ತಪ್ಪು ಊರಿನವರದಲ್ಲ, ನಮ್ಮದು ಎಂದು ಸ್ಪಷ್ಟವಾಗಿ ಹೇಳಿದರು. ಸಭೆಯಲ್ಲಿ ಗುಜುಗುಜು ಎದ್ದಿತು. ಸಾಹೇಬರು ಒಂದಿಷ್ಟೂ ಸಿಟ್ಟಾಗಲಿಲ್ಲ. ಧಾರಾಳವಾಗಿ ಮತ್ತೊಮ್ಮೆ ಪರೀಕ್ಷೆ ಮಾಡಿರಿ, ನಮ್ಮ ತಕರಾರಿಲ್ಲ, ಅಷ್ಟರವರೆಗೆ ಕೆಲಸ ನಡೆಯಲಿ ಎಂದು ನಗುತ್ತ ಹೇಳಿದರು. ಮೇಡಂ ಹೆದರಿದ್ದು ಅಕ್ಷರಶಃ ಅದಕ್ಕೇ.

ಆಗ ಮೇಡಂ ಮೇಜಿನ ಮೇಲೆ ಯಂತ್ರ ಇಡಿಸಿದರು. ಇದರಿಂದ ಅಪಾಯವಿಲ್ಲವೆಂದು ಎಲ್ಲರಿಗೂ ಗೊತ್ತಾಗಲಿ, ಮೊದಲು ಸಾಹೇಬರೇ ಕೈ ಇಡಬೇಕೆಂದು ಕೇಳಿಕೊಂಡರು. ನಾಲ್ಕು ಮಂದಿಯೆದುರು ಇಲ್ಲ ಎನ್ನಲಾಗದೆ ಅವರು ಬಂದು ಕುಳಿತರು. ರಿಯಾಜ ಪಟ್ಟಿ ಕಟ್ಟಿ ಗುಂಡಿ ಒಂದಿಷ್ಟು ತಿರುಗಿಸಿದ್ದೇ ತಡ, ಹೂಂ ಎಂದರು. ಇನ್ನಷ್ಟು ತಿರುಗಿಸಿದಾಗ ಅವರ ಬೆರಳು ತಾನಾಗಿಯೇ ಪುಟಿಯಿತು, ಸಾಹೇಬರು ಹೌಹಾರಿ ಕೈ ಕಿತ್ತುಕೊಂಡರು. ಹಿಂದಿನ ಸಾಲುಗಳಲ್ಲಿ ನಗು ಹರಡಿತು, ಅವರೂ ನಕ್ಕರು.

ಹಾಲವ್ವ ವೇದಿಕೆ ಹತ್ತಿದಳು. ಅವಳನ್ನು ಕಂಡು ಶಂಕ್ರಪ್ಪ ಎದ್ದು ನಿಂತ. ಹಾಲವ್ವ ಅವನಿಗೆ ಎಂದಿನಂತೆ ಶರಣು ಮಾಡಿ, ಸೆರಗು ಸರಿಪಡಿಸಿಕೊಂಡು ಕುಳಿತಳು. ಸುಡದೆ ಉಳಿದಿದ್ದ ಕೈಗೆ ರಿಯಾಜ ಪಟ್ಟಿ ಕಟ್ಟಿದ. ಈ ಸಲ ಅವನು ಮೊದಲು ಅವಳ ಮುಖ ನೋಡಿ, ಆಮೇಲೆ ಪರದೆ ಅಡ್ಡ ಹಿಡಿದ. ಕೈ ಸಭೆಗೆ ಕಾಣುತ್ತಿತ್ತು, ಹಾಲವ್ವನಿಗೆ ಕಾಣುತ್ತಿರಲಿಲ್ಲ. ಜುಮ್ಮೆಂದ ಕೂಡಲೇ ಹೂಂ ಎನ್ನಬೇಕೆಂದು ಹೇಳಿದ್ದಕ್ಕೆ ಅವಳು ಶಾಲೆಯ ಹುಡುಗಿಯಂತೆ ತಲೆಯಾಡಿಸಿದಳು.

ರಿಯಾಜ ಗುಂಡಿ ತಿರುಗಿಸುತ್ತ ಹೋದ. ಸಾಹೇಬರು ಹೂಂ ಎಂದಿದ್ದ ಜಾಗ ದಾಟಿತು. ಅವರು ಕೈ ಕಿತ್ತುಕೊಂಡಿದ್ದ ಜಾಗವೂ ದಾಟಿತು. ಹಾಲವ್ವನ ಬೆರಳು ಒಮ್ಮೆ ಅಲುಗಿತು, ಆಮೇಲೆ ಮೇಜಿನ ಹಲಗೆಯ ಮೇಲೆ ಪಟಪಟ ಕುಣಿಯತೊಡಗಿತು. ಆ ಸದ್ದು ಹಿಂದಿನ ಸಾಲಿನವರೆಗೂ ಕೇಳುತ್ತಿತ್ತು. ನೇತ್ರಾಳಿಗೆ ನೋಡಲೂ ಆಗಲಿಲ್ಲ, ಕಣ್ಣು ತೆಗೆಯಲೂ ಆಗಲಿಲ್ಲ. ಹಾಲವ್ವ ಎಲ್ಲಿ ತಪ್ಪಿಹೋದೀತೋ ಎಂದು ಮೈಯೆಲ್ಲ ಕಿವಿಯಾಗಿ ಕುಳಿತಿದ್ದಳು, ಹೂಂ ಎನ್ನಲು ತುಟಿ ತೆರೆದೇ ಇತ್ತು. ಆ ಪಟಪಟ ಯಾರೋ ಮೇಜು ಬಡಿಯುವ ಸದ್ದೆಂದುಕೊಂಡಳು, ಸಭೆ ಯಾಕೆ ಇಷ್ಟು ಸುಮ್ಮನಾಯಿತೆಂದು ಅವಳಿಗೆ ತಿಳಿಯಲಿಲ್ಲ. ರಿಯಾಜನ ಕಡೆ ಬಾಗಿ ಮೆಲ್ಲಗೆ ಕೇಳಿದಳು.

“ಯಾವಾಗ ಚಾಲೂ ಮಾಡ್ತೀಯೋ ತಮ್ಮಾ?”

ರಿಯಾಜ ಗುಂಡಿಯಿಂದ ಕೈ ತೆಗೆದ. ನೇತ್ರಾ ಹೋಗಿ ಪರದೆ ಸರಿಸಿ, ಅವ್ವನ ಮಣಿಕಟ್ಟಿನ ಪಟ್ಟಿ ಬಿಚ್ಚಿದಳು.

“ಮುಗೀತವ್ವಾ,” ಎಂದಳು. “ಏಳು, ಮನಿಗೆ ಹೋಗೂಣು.”